ಸ್ಟ್ರೆಚರ್ ಹೊರುವವನ ಮಾತು

ಆ ಸ್ಟೇಷನ್ನಿನಲ್ಲಿ ಪೋರ್ಟರುಗಳಿಗೆ ಹೆಸರಿರಲಿಲ್ಲ, ನಂಬರಿತ್ತು. ತೋಳಿಗೆ ಕಟ್ಟಿಕೊಂಡ ಹಿತ್ತಾಳೆ ಬಿಲ್ಲೆಯ ಮೇಲೆ ಕೊರೆದಿದ್ದ ನಂಬರನ್ನೇ ಸ್ಟೇಷನ್ ಮಾಸ್ಟರೂ ಕೂಗುತ್ತಿದ್ದರು, ಚಹಾ ಅಂಗಡಿಯವನೂ ಕೂಗುತ್ತಿದ್ದ. ಹಾಗಾಗಿ ಇಪ್ಪತ್ತೆರಡು ವರ್ಷಗಳಿಂದ ಅವನು ಬರೀ ಹದಿನೇಳು. ಮದುವೆಯಾದ ಹೊಸತರಲ್ಲಿ ಅವನು ಮರೆತು ಬಂದಿದ್ದ ಊಟದ ಡಬ್ಬಿಯನ್ನು ಕೊಡಲು ಹೆಂಡತಿ ಸ್ಟೇಷನ್ನಿಗೆ ಬಂದಿದ್ದಳು. ನಾಚಿಕೊಂಡು ಗಂಡನ ಹೆಸರು ಹೇಳಿ ವಿಚಾರಿಸಿದರೆ, "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲಮ್ಮ" ಎಂದು ವಾಪಸ್ಸು ಕಳಿಸಿದ್ದರು. ಆ ದಿನ ಅವನು ಉಪವಾಸ.

ಸ್ಟೇಷನ್ ಬಹಳ ಹಳೆಯದು. ನೂಲಿನ ಗಿರಣಿಯ ಮಾಲೀಕರು ಬಿಗಿದು ಕಟ್ಟಿದ ಹತ್ತಿ ಬೇಲುಗಳನ್ನು ಇಳಿಸಿಕೊಳ್ಳುವುದಕ್ಕೆಂದು ನೂರಿಪ್ಪತ್ತು ವರ್ಷಗಳ ಹಿಂದೆ ಕಟ್ಟಿಸಿದ್ದು. ಕೆಂಪು ಇಟ್ಟಿಗೆಯ ಕಟ್ಟಡ, ಮೂರು ಪ್ಲಾಟ್‌ಫಾರ್ಮು, ಮಾಡನ್ನು ಹೊತ್ತು ನಿಂತ ಎರಕದ ಕಬ್ಬಿಣದ ಕಂಬಗಳು. ಕಂಬದ ತಲೆಯ ಮೇಲೆ ಕಬ್ಬಿಣದ್ದೇ ಎಲೆಗಳಿದ್ದವು. ವರ್ಷವರ್ಷವೂ ಬಣ್ಣದ ಮೇಲೆ ಬಣ್ಣ ಬಳಿದು ಎಲೆಗಳ ಅಂಚೆಲ್ಲ ಮುಚ್ಚಿಹೋಗಿ, ಈಗ ಅವು ಹೂಕೋಸಿನ ಗಡ್ಡೆಯಂತೆ ಕಾಣುತ್ತಿದ್ದವು. ಗಿರಣಿಯ ಸುತ್ತ ಸೋಪಿನ ಕಾರ್ಖಾನೆ, ಬಣ್ಣದ ಕಾರ್ಖಾನೆ, ಬೇರಿಂಗ್ ಕಾರ್ಖಾನೆ ಎದ್ದವು. ಆಮೇಲೆ ಗಿರಣಿಯೇ ಮುಚ್ಚಿತು. ಬೇಲುಗಳು ನಿಂತವು, ಮೂಟೆಗಳು ನಿಂತವು. ಬೆಳಗ್ಗೆ ನಾಲ್ಕು ನಿಮಿಷಕ್ಕೊಂದರಂತೆ ಬರುವ ಲೋಕಲ್ ರೈಲುಗಳಿಂದ ಇಳಿಯುವವರ ಕೈಯಲ್ಲಿ ಇರುತ್ತಿದ್ದದ್ದು ಊಟದ ಡಬ್ಬಿ ಮಾತ್ರ. ಊಟದ ಡಬ್ಬಿಗೆ ಯಾರು ಪೋರ್ಟರನ್ನು ಕರೆಯುತ್ತಾರೆ? ಇಪ್ಪತ್ತು ಜನ ಇದ್ದವರು ಆರು ಜನ ಆದರು.

ಆ ಆರು ಜನರನ್ನಾದರೂ ಉಳಿಸಿಕೊಂಡದ್ದು ಸ್ಟ್ರೆಚರಿನ ದೆಸೆಯಿಂದ. ಮೇಲುಸೇತುವೆ ಹತ್ತಿ ಇಳಿಯಲು ಪುರುಸೊತ್ತಿಲ್ಲದವರು ಹಳಿ ದಾಟುತ್ತಿದ್ದರು. ಒಳಗೆ ಕಾಲಿಡಲು ಜಾಗವಿಲ್ಲದವರು ಬಾಗಿಲಿಗೆ ಜೋತು ಬರುತ್ತಿದ್ದರು. ತಿಂಗಳಿಗೆ ಎರಡೋ ಮೂರೋ ಸಲ ಯಾರಾದರೂ ಬೀಳುತ್ತಿದ್ದರು. ಆಸ್ಪತ್ರೆ ಸೋಪಿನ ಕಾರ್ಖಾನೆಯ ಹಿಂದೆಯೇ ಇತ್ತು. ಆದರೆ ನಡುವಿನ ಗಲ್ಲಿಯಲ್ಲಿ ಲಾರಿಗಳು ಮೂತಿಗೆ ಮೂತಿ ತಾಗಿಸಿ ನಿಂತಿರುತ್ತಿದ್ದರಿಂದ ಆಂಬುಲೆನ್ಸ್ ನುಗ್ಗುವ ಹೊತ್ತಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಹೊತ್ತು ನಡೆದರೆ ಹನ್ನೆರಡು ನಿಮಿಷ. ಸ್ಟೇಷನ್ ಮಾಸ್ಟರ್ ಚೀಟಿ ಬರೆದು ಕೊಡಬೇಕು, ಪೋರ್ಟರುಗಳು ಹೊತ್ತು ನಡೆಯಬೇಕು. ಸ್ಟ್ರೆಚರಿನ ಕಾಲಿನ ಕಡೆ, ಅಂದರೆ ಮುಂದೆ, ಹನ್ನೊಂದನೇ ನಂಬರಿನವನು. ತಲೆಯ ಕಡೆ, ಹಿಂದೆ, ಹದಿನೇಳು. ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದು ಬಂದರೆ ಟಿಕೆಟ್ ಕೊಡುವವರು "ಇಪ್ಪತ್ತೆಂಟು ಹೊರಟಿತು ನೋಡು" ಎನ್ನುತ್ತಿದ್ದರು. ಅದು ತಮಾಷೆ ಎಂದು ಮೊದಮೊದಲು ಎಲ್ಲರೂ ನಗುತ್ತಿದ್ದರು.

ಮೊದಲನೇ ಸಲ ಹೊತ್ತ ದಿನ ಹದಿನೇಳಿಗೆ ಅನ್ನ ಇಳಿಯಲಿಲ್ಲ. ಮೂರು ದಿನ ಇಳಿಯಲಿಲ್ಲ. ಆಗ ಇದ್ದ ಹಿರಿಯ ಪೋರ್ಟರ್ ಬೆನ್ನು ತಟ್ಟಿ, "ಎಲ್ಲರಿಗೂ ಹಿಂಗೇ ಕಣಪ್ಪ. ಹತ್ತು ಆಗ್ಲಿ, ಕೈಗೆ ಅಭ್ಯಾಸ ಆಗುತ್ತೆ" ಎಂದಿದ್ದ. ಹತ್ತಾಯಿತು, ಐವತ್ತಾಯಿತು. ಕೈಗೆ ಅಭ್ಯಾಸವಾಯಿತು. ಕೈಯಿಂದ ಅದು ಎಲ್ಲಿಗೆಲ್ಲ ಹಬ್ಬಿತೋ ಅವನಿಗೆ ತಿಳಿಯಲಿಲ್ಲ. ಕಾಲು ಮಡಚಿ ಕೂತವನಿಗೆ ಜೋಮು ಹಿಡಿದದ್ದು ಏಳುವಾಗ ತಾನೆ ಗೊತ್ತಾಗುವುದು!

ಅವನಿಗೆ ಗೊತ್ತಾದದ್ದು ತಾಯಿ ತೀರಿಕೊಂಡ ದಿನ. ಅದೇ ಆಸ್ಪತ್ರೆಯ ಹೆಂಗಸರ ವಾರ್ಡು, ಮಧ್ಯಾಹ್ನದ ಹೊತ್ತು. ಕೆಳಗೆ ಒಯ್ಯಬೇಕಿತ್ತು, ಆಳುಗಳು ಯಾರೂ ಇರಲಿಲ್ಲ. ಬೇರಿಂಗ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ತಮ್ಮ ಗೋಡೆಗೆ ಹಣೆ ಒತ್ತಿ ಅಳುತ್ತಿದ್ದ. ಹದಿನೇಳು ಹೋಗಿ ಅವನ ಭುಜ ಮುಟ್ಟಿದ.

"ನೀನು ಕಾಲಿನ ಕಡೆ ಹಿಡಿ. ಮೂರು ಎಣಿಸ್ತೀನಿ, ಒಟ್ಟಿಗೆ ಎತ್ಬೇಕು. ಸೊಂಟ ಬಗ್ಗಿಸ್ಬೇಡ, ಮಂಡಿ ಬಗ್ಗಿಸು."

ತಮ್ಮ ತಲೆಯೆತ್ತಿ ನೋಡಿದ. "ಅವಳು ಅಮ್ಮ ಕಣೋ. ಮೂಟೆ ಅಲ್ಲ."

"ಗೊತ್ತು. ಹಿಡಿ. ಒಂದು..."

ತಮ್ಮ ಹಿಡಿದ, ಎತ್ತಿದ, ಮೂರು ಅಂತಸ್ತು ಇಳಿಸಿದ. ಆಮೇಲೆ ಅಣ್ಣನ ಜೊತೆ ಮಾತು ಬಿಟ್ಟ. ದಿನಕ್ಕೆರಡು ಸಲ ಅದೇ ಸ್ಟೇಷನ್ನಿನಿಂದ ಹೋಗಿ ಬರುವವನು, ಅಣ್ಣ ಎರಡನೇ ಪ್ಲಾಟ್‌ಫಾರ್ಮಿನಲ್ಲಿದ್ದರೆ ಮೂರನೆಯದಕ್ಕೆ ದಾಟಿ ಹೋಗುತ್ತಿದ್ದ. ಹದಿನೇಳು ಅಳುವಿಗಾಗಿ ಕಾದ. ಒಂದು ವಾರ ಬಿಟ್ಟು ಬರಬಹುದು ಎಂದುಕೊಂಡ. ತಿಂಗಳ ಮೇಲೆ ಬರಬಹುದು ಎಂದುಕೊಂಡ. ಬರಲಿಲ್ಲ. ಆಮೇಲೆ ಕಾಯುವುದೂ ಮರೆತುಹೋಯಿತು.

ಅವರ ಮನೆ ಬೇರಿಂಗ್ ಕಾರ್ಖಾನೆಯ ಎದುರಿನ ಕಟ್ಟಡದ ಮೂರನೇ ಮಹಡಿ, ಎರಡು ಕೋಣೆ. ಕಾರ್ಖಾನೆಯ ಮಷೀನು ಶುರುವಾದರೆ ಗೋಡೆಯ ಮೇಲಿನ ಕನ್ನಡಿ ಸಣ್ಣಗೆ ನಡುಗುತ್ತಿತ್ತು. ಹೆಂಡತಿ ಶರ್ಟಿನ ಕಾರ್ಖಾನೆಯಲ್ಲಿ ಕಾಜ ಹಾಕುತ್ತಿದ್ದಳು, ಅಂದರೆ ಗುಂಡಿ ತೂರುವ ತೂತಿನ ಸುತ್ತ ನೂಲು ಹೊಲಿಯುವ ಕೆಲಸ. ಮಗಳು ಒಂಬತ್ತನೇ ಕ್ಲಾಸು. ಅವನು ಬಂದವನೇ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದ, ಉಣ್ಣುತ್ತಿದ್ದ, ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ.

"ಇವತ್ತು ಹೆಂಗಿತ್ತು?"

"ಇತ್ತು."

"ಸಾರು ಹೆಂಗಿದೆ?"

"ಇದೆ."

ಹೆಂಡತಿ ಮಗಳ ಕಡೆ ತಿರುಗಿ, "ನಮ್ಮನೇಲಿ ನಿಮ್ಮಪ್ಪನಿಗಿಂತ ಗೋಡೆನೇ ವಾಸಿ. ಮಷೀನ್ ಶುರುವಾದ್ರೆ ಅದಾದ್ರೂ ಗುಂಯ್ ಅನ್ನುತ್ತೆ" ಎನ್ನುತ್ತಿದ್ದಳು. ಮಗಳು ನಗುತ್ತಿದ್ದಳು. ಅವನಿಗೂ ಅದು ತಮಾಷೆಯ ಮಾತು ಎಂದು ಗೊತ್ತಾಗುತ್ತಿತ್ತು.

ಒಂದು ಸಂಜೆ ಮಗಳ ಕೈಮೇಲೆ ಕುದಿಯುವ ನೀರು ಬಿತ್ತು. ಅವನು ಓಡಲಿಲ್ಲ, ಕೂಗಲಿಲ್ಲ. ಎದ್ದು ಬಂದು ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದ. ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ ಹಿಡಿದೇ ಇದ್ದ. ಬಳೆ ಬಿಚ್ಚಿದ, ತೊಳೆದ ಬಟ್ಟೆ ಸಡಿಲವಾಗಿ ಸುತ್ತಿದ, ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು, "ಎಲ್ಲ ಸರಿಯಾಗಿ ಮಾಡಿದ್ದೀರಿ" ಎಂದರು. ಕೈಯಲ್ಲಿ ಕಲೆಯೂ ಉಳಿಯಲಿಲ್ಲ. ಆದರೆ ಮಗಳು ಆಮೇಲೆ ಅಡುಗೆಮನೆಯಲ್ಲಿ ತಾಯಿಗೆ ಹೇಳಿದ್ದು ಅವನ ಕಿವಿಗೆ ಬಿತ್ತು: "ಅಪ್ಪ ನನ್ನ ಕೈ ನೋಡಿದ್ರಮ್ಮ. ನನ್ನನ್ನ ನೋಡಲೇ ಇಲ್ಲ."

ಅವನು ಅದನ್ನು ಕೇಳಿಸಿಕೊಂಡ. ಇದಕ್ಕೆ ಬೇಜಾರಾಗಬೇಕು ಎಂದು ಅವನಿಗೆ ಅನ್ನಿಸಿತು. ಬೇಜಾರು ಆಗಲಿಲ್ಲ.

ಇಷ್ಟರಲ್ಲಿ ಸರ್ಕಾರದವರು ಸ್ಟೇಷನ್ನನ್ನು ಚಾರಿತ್ರಿಕ ಕಟ್ಟಡವೆಂದು ಘೋಷಿಸಿದರು. ಟಿಕೆಟ್ ಕಿಟಕಿಯ ಪಕ್ಕ ಕಲ್ಲಿನ ಫಲಕ ಬಂತು. ಭಾನುವಾರ ಕ್ಯಾಮೆರಾ ಹಿಡಿದು ಬರುವವರು ಕಂಬದ ಎಲೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಕಂಬಕ್ಕೆ ಒರಗಿ ನಿಂತಿದ್ದ ಅವನಿಗೆ, "ಸ್ವಲ್ಪ ಆ ಕಡೆ ಹೋಗ್ತೀರಾ, ಹಳೇ ಕಾಲದ ಕಂಬ, ಫೋಟೋ ತೆಗೀಬೇಕು" ಎನ್ನುತ್ತಿದ್ದರು. "ಇವನೂ ಹಳೇ ಕಾಲದೋನೇ ಸ್ವಾಮಿ, ಸೇರಿಸಿ ತೆಗೀರಿ" ಎಂದು ಹನ್ನೊಂದು ಕೂಗುತ್ತಿದ್ದ. ಹದಿನೇಳು ಆಗಲೇ ಆ ಕಡೆ ಹೋಗಿರುತ್ತಿದ್ದ.

ಅಂಥದ್ದೇ ಒಂದು ಭಾನುವಾರ ಅವನಿಗೆ ರಜೆಯಿತ್ತು. ಬೆಳಗ್ಗೆ ಹತ್ತು ಗಂಟೆಗೆ ಮನೆಯ ಮೆಟ್ಟಿಲ ಮೇಲೆ ಹನ್ನೊಂದನೇ ನಂಬರಿನವನ ದನಿ ಕೇಳಿಸಿತು. "ನಿಧಾನ ಬನ್ನಿ ತಾಯಿ, ಇನ್ನೊಂದೇ ಅಂತಸ್ತು." ಅವನ ಹಿಂದೆ ಕೋಲೂರಿಕೊಂಡು ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಹತ್ತಿ ಬಂದಳು. ಎಡಗಾಲು ಮೊಣಕಾಲಿನ ಕೆಳಗೆ ಕೃತಕದ್ದು. ಏದುಸಿರು ಬಿಡುತ್ತ ಕುರ್ಚಿಯ ಮೇಲೆ ಕೂತು ಹದಿನೇಳನ್ನು ದಿಟ್ಟಿಸಿ ನೋಡಿದಳು.

"ಗುರುತು ಸಿಕ್ತಾ ಅಣ್ಣ?"

ಅವನು ನೋಡಿದ. ಸಿಗಲಿಲ್ಲ.

"ಹೋದ ವರ್ಷ, ಎಂಟೂ ನಲವತ್ತೆರಡರ ಲೋಕಲ್ಲು. ಎರಡನೇ ಪ್ಲಾಟ್‌ಫಾರ್ಮು. ಬ್ಯಾಗಿನ ಪಟ್ಟಿ ಬಾಗಿಲಿಗೆ ಸಿಕ್ಕಿ ಬಿದ್ದವಳು ನಾನು. ಬಣ್ಣದ ಕಾರ್ಖಾನೇಲಿ ಕೆಲಸ."

ಆ ರೈಲು ಅವನಿಗೆ ನೆನಪಿತ್ತು. ಆ ದಿನ ಸ್ಟ್ರೆಚರಿನ ಕ್ಯಾನ್ವಾಸು ಒಂದು ಮೂಲೆಯಲ್ಲಿ ಹರಿದದ್ದೂ, ಅದನ್ನು ಮರುದಿನ ಹೊಲಿಸಿದ್ದೂ ನೆನಪಿತ್ತು. ಮುಖ ನೆನಪಿರಲಿಲ್ಲ. "ಇರಬಹುದು" ಎಂದ.

ಅವಳಿಗೆ ಬೇಸರವಾದಂತೆ ಕಾಣಲಿಲ್ಲ. ನೀರು ತಂದುಕೊಟ್ಟ ಹೆಂಡತಿಯ ಬೆರಳುಗಳನ್ನೇ ನೋಡುತ್ತ, "ನೀವೇ ಅಲ್ವಾ ಅಕ್ಕ, ಕಾಜ ಹಾಕೋರು? ದಿನಕ್ಕೆ ಒಂಬೈನೂರು?" ಎಂದಳು.

"ಹೌದು. ನಿಮಗ್ಯಾರು ಹೇಳಿದ್ರು?"

"ಇವ್ರೇ, ನಿಮ್ಮೆಜಮಾನ್ರು. ಶನಿವಾರ ಸಂಜೆ ಹೊತ್ತಿಗೆ ನಿಮಗೆ ಬೆರಳು ಮಡಚೋಕೆ ಆಗಲ್ವಂತೆ. ಚಮಚ ಹಿಡಿಯೋದೂ ಕಷ್ಟವಂತೆ. ಆದ್ರೂ ಮಗಳ ಜಡೆ ಬೇರೆ ಯಾರ ಕೈಗೂ ಕೊಡಲ್ವಂತೆ."

ಹೆಂಡತಿ ಗಂಡನ ಕಡೆ ನೋಡಿದಳು. ಅವನು ಹನ್ನೊಂದರ ಕಡೆ ನೋಡಿದ. "ನಾನು ಹಂಗೆಲ್ಲ ಮಾತಾಡಲ್ಲ" ಎಂದ.

ಹನ್ನೊಂದು ಬಿದ್ದು ಬಿದ್ದು ನಕ್ಕ. "ಲೇ, ನೀನು ಬಾಯಿ ಮುಚ್ಚಿದ್ದು ಯಾವಾಗಲೋ? ಮುಂದೆ ಹಿಡ್ಕೊಂಡು ನಡೆಯೋ ನನ್ನ ಕಿವಿ ತೂತು ಬಿದ್ದಿದೆ! ಅತ್ತಿಗೆ, ನಿಮಗೆ ಗೊತ್ತಿಲ್ವಾ? ಹಿಂದೆ ಒಂದ್ಸಲ ಡಾಕ್ಟರೊಬ್ಬರು ಬಂದು ನಮಗೆಲ್ಲ ಪಾಠ ಮಾಡಿದ್ರು. ಗಾಯ ಆದೋರಿಗೆ ಎಚ್ಚರ ಇದ್ರೆ ಮಾತಾಡಿಸ್ತಾ ಇರಿ, ಕಣ್ಣು ಮುಚ್ಚೋಕೆ ಬಿಡಬೇಡಿ ಅಂದಿದ್ರು. ಉಳಿದೋರೆಲ್ಲ ಎರಡು ಮಾತಾಡಿ ಸುಮ್ನಾಗ್ತೀವಿ. ಇವನು ಮಾತ್ರ ಸ್ಟೇಷನ್ ಮೆಟ್ಟಿಲಿಂದ ಶುರು ಮಾಡಿದ್ರೆ ಆಸ್ಪತ್ರೆ ಗೇಟಿನ ತನಕ. ಮನೆ ಸುದ್ದಿನೇ ಎಲ್ಲ. ಸೂರು ಸೋರಿದ್ದು, ನೀವು ಬೈದಿದ್ದು, ಮಗು ಹುಟ್ಟಿದ್ದು." ದನಿ ತಗ್ಗಿಸಿ, "ಒಂದೊಂದ್ಸಲ ದಾರೀಲಿ ಮಲಗಿರೋರ ಉಸಿರು ನಿಂತುಬಿಡುತ್ತೆ. ಆಮೇಲೂ ಹೇಳ್ತಾನೇ ಇರ್ತಾನೆ. ನಾನು ತಡೆಯಕ್ಕೆ ಹೋಗಲ್ಲ" ಎಂದ.

ಕೋಲೂರಿಕೊಂಡು ಬಂದ ಹೆಂಗಸು ಮತ್ತೆ ಶುರು ಮಾಡಿದಳು. "ನಾನು ಬಂದಿದ್ದು ಒಂದು ವಿಷಯ ಕೇಳೋಕೆ. ಮಗಳು ಎಡಗೈಲಿ ಬರೀತಾಳೆ, ಟೀಚರು ಬಲಗೈಲೇ ಬರೀಬೇಕು ಅಂತ ಬೆರಳಿಗೆ ಹೊಡೀತಾರೆ ಅಂದ್ರಿ. ಅವರನ್ನ ಕೇಳೋಣ ಅಂತ ನೀವು ಶಾಲೆಗೆ ಹೋದ್ರಂತೆ. ಗೇಟಿನ ಹತ್ರ ನಿಂತ್ರಂತೆ. ಏನು ಹೇಳಬೇಕೋ ತೋಚದೆ ವಾಪಸ್ ಬಂದ್ರಂತೆ. ಮಾರನೇ ದಿನ ಮತ್ತೆ ಹೋದೆ ಅಂದ್ರಿ, ಅಷ್ಟೊತ್ತಿಗೆ ಆಸ್ಪತ್ರೆ ಬಂದ್ಬಿಡ್ತು. ಮೂರು ತಿಂಗಳು ಹಾಸಿಗೇಲಿ ಬಿದ್ಕೊಂಡು ಅದನ್ನೇ ಯೋಚಿಸ್ತಿದ್ದೆ. ಮಾರನೇ ದಿನ ಏನಾಯ್ತು?"

ಬಾಗಿಲ ಹತ್ತಿರ ನಿಂತಿದ್ದ ಮಗಳು ತಂದೆಯನ್ನು ನೋಡಿದಳು. "ಅಪ್ಪ ಶಾಲೆಗೆ ಬಂದಿದ್ರಾ?"

ಎಲ್ಲರೂ ತನ್ನ ಕಡೆ ನೋಡುತ್ತಿರುವುದು ಹದಿನೇಳಿಗೆ ತಿಳಿಯಿತು. "ಗೇಟು ಹಾಕಿತ್ತು" ಎಂದ. "ಆಟೋಟ ಅಂತ ರಜೆ ಕೊಟ್ಟಿದ್ರು."

"ಅಷ್ಟೇನಾ?"

"ಅಷ್ಟೇ."

"ನಾನಿನ್ನೂ ಎಡಗೈಲೇ ಬರೀತೀನಿ" ಎಂದು ಮಗಳು ಹೇಳಿದಳು. "ಆ ಟೀಚರು ಬೇರೆ ಶಾಲೆಗೆ ಹೋದ್ರು."

ಬಂದವಳು ಜೋರಾಗಿ ನಕ್ಕಳು. ಹೊರಡುವ ಮೊದಲು ಅವಳು ಇನ್ನೊಂದು ಮಾತು ಹೇಳಿದಳು. ಅವನ ತಾಯಿಯ ವಿಷಯ. "'ನಮ್ಮಮ್ಮ ಅಷ್ಟೊಂದು ಹಗುರ ಆಗಿದ್ದು ನನಗೆ ಗೊತ್ತೇ ಇರಲಿಲ್ಲ, ಎಣಿಸ್ದೇ ಎತ್ತಿದ್ರೆ ಕೈ ನಡುಗಿ ಬೀಳಿಸಿಬಿಡ್ತಿದ್ದೆ, ತಮ್ಮನಿಗೆ ಹೇಳೋಕೆ ಆಗಲಿಲ್ಲ' ಅಂದ್ರಿ. ನಾನು ನಿಮ್ಮ ಮುಖ ನೋಡ್ತಾ ಇದ್ದೆ, ತಲೆಕೆಳಗಾಗಿ ಕಾಣ್ತಿತ್ತು. ಅದಕ್ಕೇ ಇವತ್ತು ನನಗೂ ಮೊದಲು ಗುರುತು ಸಿಗಲಿಲ್ಲ."

ಅವಳು ಹೋದ ಮೇಲೆ ಹೆಂಡತಿ ಲೋಟಗಳನ್ನು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಆಮೇಲೆ ಕೈ ಒರೆಸಿಕೊಳ್ಳುತ್ತ ಬಂದು ಅವನ ಎದುರಿಗೆ ನಿಂತಳು.

"ನನ್ನ ಬೆರಳು ನೋಯುತ್ತೆ ಅಂತ ನಿಮಗೆ ಗೊತ್ತಿತ್ತು."

"ಹೂಂ."

"ಗೊತ್ತಿದ್ದೂ ಒಂದು ದಿನ ಕೇಳಲಿಲ್ಲ. ರೈಲಿನಡಿ ಬಿದ್ದೋರಿಗೆ ಮಾತ್ರಾನಾ ನೀವು ಬಾಯಿ ಬಿಡೋದು? ನಾನೂ ಹೋಗಿ ಬೀಳ್ಲಾ?"

"ಹಂಗೆಲ್ಲ ಅನ್ಬೇಡ."

"ಮತ್ತೆ ಹೆಂಗನ್ಲಿ? ಕಟ್ಕೊಂಡೋಳಿಗೆ ಇಪ್ಪತ್ತು ವರ್ಷ 'ಇತ್ತು', 'ಇದೆ'. ದಾರೀಲಿ ಹೋಗೋರಿಗೆ ಪುರಾಣ!" ಅವಳ ಕಣ್ಣು ತುಂಬಿತ್ತು. ಅದು ಸಂಕಟದ ನೀರೋ ಸಿಟ್ಟಿನ ನೀರೋ ಅವಳಿಗೇ ಗೊತ್ತಿದ್ದಂತಿರಲಿಲ್ಲ. "ಈಗ ನಾನು ಅಳ್ತಾ ಇದೀನಿ. ನೋಡಿ ನಿಮಗೇನನ್ಸುತ್ತೆ, ಹೇಳಿ."

ಅವನು ಯೋಚಿಸಿದ. ಸುಳ್ಳು ಹೇಳಬಹುದಿತ್ತು. "ಏನೂ ಅನ್ಸಲ್ಲ ಕಣೇ" ಎಂದ. "ಅನ್ಸುತ್ತೇನೋ ಅಂತ ನೋಡ್ತೀನಿ. ಕೂತು ನೋಡ್ತೀನಿ. ಏನೂ ಇರಲ್ಲ."

ತನ್ನ ಬಗ್ಗೆ ಅವನು ಅವಳಿಗೆ ಅಷ್ಟು ಉದ್ದ ಹೇಳಿದ್ದು ಅದೇ ಮೊದಲು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದಳು. ಹೋದದ್ದು ಮೈದುನನ ಮನೆಗೆ ಎಂದು ಆಮೇಲೆ ತಿಳಿಯಿತು.

ಬುಧವಾರ ಸಂಜೆ ಶಿಫ್ಟು ಬಿಟ್ಟ ಹೊತ್ತಿನಲ್ಲಿ ತಮ್ಮ ಎರಡನೇ ಪ್ಲಾಟ್‌ಫಾರ್ಮಿಗೇ ಬಂದ. ಅಣ್ಣನ ಪಕ್ಕ, ಚಹಾ ಅಂಗಡಿಯ ಮುಂದೆ, ಹಳಿಗಳ ಕಡೆ ಮುಖ ಮಾಡಿ ನಿಂತ. ಕೈಗೆ ಮೆತ್ತಿದ್ದ ಗ್ರೀಸನ್ನು ಬಟ್ಟೆಯ ತುಂಡಿನಿಂದ ತುಂಬ ಹೊತ್ತು ಒರೆಸಿಕೊಂಡ.

"ಅಮ್ಮ ಹಗುರ ಇದ್ಲು ಅಂದ್ಯಂತೆ?"

"ಅಂದೆನಂತೆ."

"ನನಗೂ ಹಂಗೇ ಅನ್ನಿಸ್ತು. ಕಾಲು ಹಿಡಿದಾಗ." ತಮ್ಮ ಬಟ್ಟೆಯ ತುಂಡನ್ನು ಜೇಬಿಗೆ ತುರುಕಿದ. "ನಾನು ಆಗ ಹಂಗೆ ಅನ್ಬಾರದಾಗಿತ್ತು."

"ಚಹಾ ಕುಡೀತೀಯಾ?"

"ಹೂಂ."

ಇಬ್ಬರೂ ಕುಡಿದರು. ಒಂದು ರೈಲು ಬಂದು ಹೋಯಿತು. ತಮ್ಮ ಅಳುತ್ತಿದ್ದುದನ್ನು ಹದಿನೇಳು ಓರೆಗಣ್ಣಿನಿಂದ ನೋಡಿದ. ಎರಡು ವರ್ಷಗಳ ಮೇಲೆ ತಮ್ಮ ಮಾತಾಡಿದ್ದಾನೆ, ಇದು ಒಳ್ಳೆಯದು ಎಂದು ಅವನಿಗೆ ಗೊತ್ತಿತ್ತು. ಚಹಾ ಬಿಸಿಯಿತ್ತು. ತಮ್ಮ ಮೊದಲಿಗಿಂತ ಬಡಕಲಾಗಿದ್ದ. ಇಷ್ಟು ಅವನ ಗಮನಕ್ಕೆ ಬಂತು.

ಮರುವರ್ಷ ಸ್ಟೇಷನ್ನಿನಲ್ಲೇ ಒಂದು ತುರ್ತು ಚಿಕಿತ್ಸೆಯ ಕೋಣೆ ತೆರೆದರು. ನರ್ಸ್ ಬಂದರು, ಗಾಲಿಯಿದ್ದ ಅಲ್ಯೂಮಿನಿಯಂ ಸ್ಟ್ರೆಚರ್ ಬಂತು, ಗಲ್ಲಿಯಲ್ಲಿ ಲಾರಿ ನಿಲ್ಲಿಸಬಾರದೆಂದು ಕಂಬ ನೆಟ್ಟರು. ಪೋರ್ಟರುಗಳು ಇನ್ನು ಹೊರಬೇಕಾಗಿರಲಿಲ್ಲ. ಹನ್ನೊಂದು ಕೆಲಸ ಬಿಟ್ಟು ಅಳಿಯನ ವರ್ಕ್‌ಶಾಪಿಗೆ ಸೇರಿಕೊಂಡ. ಹದಿನೇಳನ್ನು ಗಾಲಿಕುರ್ಚಿಯ ಕೆಲಸಕ್ಕೆ ಹಾಕಿದರು. ನಡೆಯಲಾರದ ಮುದುಕರನ್ನು ಗೇಟಿನಿಂದ ರೈಲಿನವರೆಗೆ ತಳ್ಳಿಕೊಂಡು ಹೋಗುವುದು. ನಾಲ್ಕು ನಿಮಿಷದ ದಾರಿ. ಬಣ್ಣದ ಕಾರ್ಖಾನೆಯ ಹೆಂಗಸು ಕೆಲಸಕ್ಕೆ ಹೋಗುವಾಗ ಕೋಲೆತ್ತಿ "ಅಣ್ಣಾ" ಎನ್ನುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ.

ಮನೆಯಲ್ಲಿ ಹೆಂಡತಿ ಕೆಲವು ದಿನ ಅವನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಲು ನೋಡಿದಳು. ಅವನೂ ಪ್ರಯತ್ನಪಟ್ಟ, ಬಾಯಿ ತೆರೆದು ಮುಚ್ಚಿದ. ಕೊನೆಗೆ ಅವಳು ಕೈಬಿಟ್ಟಳು. ಒಂದು ಶನಿವಾರ ಸಂಜೆ ಅವಳು ತಗ್ಗಿನ ಮಣೆಯ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಬೆರಳು ಬಗ್ಗದೆ ಅಂಗೈಯಿಂದಲೇ ಮಡಿಸುತ್ತಿದ್ದಳು. ಅವನು ನೀರು ಕುಡಿಯಲು ಅವಳ ಹಿಂದೆ ಹಾದುಹೋಗುವವನು ಅಲ್ಲೇ ನಿಂತ. ಸ್ಟ್ರೆಚರಿನ ತಲೆಯ ಕಡೆ ನಿಂತಾಗಿನಂತೆ, ಮೇಲಿನಿಂದ ಅವಳ ಬೈತಲೆ, ಹಣೆ, ಮೂಗಿನ ತುದಿ ಇಷ್ಟು ಮಾತ್ರ ಕಾಣುತ್ತಿತ್ತು.

"ಇವತ್ತು ಒಬ್ಬ ಮುದುಕಿನ ಕೂರಿಸ್ಕೊಂಡು ಹೋದೆ" ಎಂದ. "ಪೂರ್ತಿ ದಾರಿ ಸೊಸೇನ ಬೈತಾ ಇದ್ಲು. ರೈಲು ಹತ್ತಿಸಿದ್ರೆ ಬಾಗಿಲಲ್ಲಿ ಆ ಸೊಸೇನೇ ನಿಂತಿದ್ಲು, ಕೈ ಹಿಡಿದು ಒಳಗೆ ಕರ್ಕೊಂಡ್ಲು."

ಅವಳ ಕೈ ನಿಂತಿತು. ತಿರುಗಿ ನೋಡಬೇಕೆನ್ನಿಸಿತು. ನೋಡಲಿಲ್ಲ. ಇನ್ನೊಂದು ಬಟ್ಟೆ ಎತ್ತಿಕೊಂಡು, "ಆಮೇಲೆ?" ಎಂದಳು.

"ಆಮೇಲೆ ಸೊಸೆಗೆ ಹೇಳಿದ್ಲು, ಈ ಪುಣ್ಯಾತ್ಮ ಬಾಯೇ ಬಿಡಲ್ಲ ಅಂತ."

ಹೆಂಡತಿಯ ಭುಜ ಕುಲುಕಿತು. ನಗುತ್ತಿದ್ದಾಳೆ ಎಂದು ಅವನು ಅಂದಾಜು ಮಾಡಿದ. ಅವನು ಬಗ್ಗಿ, ಅವಳು ಮಡಿಸಲಾಗದೆ ಬಿಟ್ಟಿದ್ದ ಹೊದಿಕೆಯನ್ನು ತೆಗೆದುಕೊಂಡು ಮಡಿಸಿದ.

ಈಗ ಅವನಿಗೆ ಐವತ್ತಮೂರು. ಅವನು ಹಿಂದೆ ನಿಂತು ಮಾತು ಶುರು ಮಾಡಿದರೆ ಹೆಂಡತಿ ಎಂದೂ ಹಿಂತಿರುಗಿ ನೋಡುವುದಿಲ್ಲ, ನೋಡಿದರೆ ಮಾತು ನಿಂತುಹೋಗುತ್ತದೆ ಎಂದು ಅವಳಿಗೆ ಗೊತ್ತು. ಕೆಲವು ಸಂಜೆ ಐದಾರು ಮಾತು ಹೇಳುತ್ತಾನೆ, ಕೆಲವು ವಾರ ಒಂದೂ ಇಲ್ಲ. ತಮ್ಮ ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ, ಹೆಚ್ಚಾಗಿ ಅತ್ತಿಗೆಯ ಜೊತೆ ಮಾತಾಡಿ ಹೋಗುತ್ತಾನೆ. ಮಗಳು ಕಾಲೇಜು ಸೇರಿದ್ದಾಳೆ, ಅದೇ ಎಂಟೂ ನಲವತ್ತೆರಡರ ಲೋಕಲ್ಲಿಗೆ ಹೋಗುತ್ತಾಳೆ. ಮೊದಲ ದಿನ ಅವನು ಪ್ಲಾಟ್‌ಫಾರ್ಮಿನ ಅಂಚಿನವರೆಗೆ ಅವಳ ಜೊತೆ ನಡೆದು, "ಬ್ಯಾಗು ಮುಂದೆ ಹಾಕ್ಕೋ" ಎಂದಷ್ಟೇ ಹೇಳಿದ. ಅವಳು ಹಾಕಿಕೊಂಡಳು. ರೈಲು ಹೋದ ಮೇಲೆ ಗೇಟಿನ ಹತ್ತಿರ ಯಾರೋ "ಹದಿನೇಳೂ" ಎಂದು ಕರೆದರು. ಅವನು ಗಾಲಿಕುರ್ಚಿ ತಿರುಗಿಸಿಕೊಂಡು ಆ ಕಡೆ ಹೋದ.